ಕಾವು ತಡೆಯೋ ಪೈಪು

ಕೊಕಟನೂರಿನ ಒಂದು ಮನೆಯ ಕಟ್ಟೆಯ ಮೇಲೆ ನಡೆದ ಮಾತು. ಒಬ್ಬರು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಸೋದರಮಾವ. ಇನ್ನೊಬ್ಬ, ತನ್ನ ಬೈಕಿನ ಆಯಿಲ್ ಕೂಲರ್ ಪೈಪುಗಳನ್ನು ಮನೆಯಲ್ಲೇ ಬದಲಿಸಬೇಕೆಂದಿರುವ ಅಳಿಯ.

ಅಳಿಯ: ಮಾಮಾ, ಇಂಜಿನ್ ಮುಂದ ಸಣ್ಣ ರೇಡಿಯೇಟರ್‌ನಂಥಾದ್ದು ಐತಲ್ರಿ, ಆಯಿಲ್ ಕೂಲರ್, ಇದಕ್ಕ ಹೋಗೂ ಎರಡ ಪೈಪಿನ್ಯಾಗ ಒಂದು ಒಸರಾಕತ್ತೈತಿ. ಎರಡೂ ತಗದು ಹೊಸಾವ ಹಾಕಬೇಕಂತ ಮಾಡೀನಿ. ಹಾಕೂದ ಹಾಕ್ತೀವಿ, ಮದ್ಲಿನವಕಿಂತ ಗಟ್ಟಿ ಇದ್ದದ್ದ ಹಾಕೂನು. ಅಥಣ್ಯಾಗ ಟ್ರ್ಯಾಲಿ ಎತ್ತೂ ಜಾಕಿಗೆ ಹೈಡ್ರಾಲಿಕ್ ಪೈಪ ಒತ್ತಿ ಕೊಡ್ತಾರಲ್ಲ, ಅಲ್ಲೇ ಮಾಡಿಸಿಬಿಟ್ರ ಮುಂದ ಚಿಂತಿಲ್ಲ.

ಮಾಮಾ: ಎಲ್ಲಿಂದ ಒಸರಾಕತ್ತೈತಿ, ಅದನ್ನ ನೋಡಿಯೇನು?

ಅಳಿಯ: ಇಲ್ಲೆಲ್ಲಾ ಕರ್ರಗ ಮಣ್ಣ ಹತ್ತೈತಿ ನೋಡ್ರಿ. ಪೈಪು, ಇಂಜಿನ್ ಮೈ, ಸೈಲೆನ್ಸರ್ ಬೆಂಡು, ಫುಟ್‌ರೆಸ್ಟ್ ತನಕ ಬಂದೈತಿ.

ಮಾಮಾ: ಅದು ಎಣ್ಣಿ ಹರದು ಹೋದ ಹಾದಿ. ಗಾಡಿ ಓಡೂವಾಗ ಗಾಳಿ ಎಣ್ಣೀನ ಹಿಂದಕ್ಕ ತಳ್ತೈತಿ. ಅದಕ್ಕ ಎಣ್ಣಿ ಕಂಡ ಜಾಗಕಿಂತ ಮುಂದ, ಮ್ಯಾಗ ಹುಡುಕಬೇಕು. ಇಂಜಿನ್ ಪೂರ್ತಿ ತಣ್ಣಗಾದ ಮ್ಯಾಲೆ ಡೀಸೆಲ್ ಹಚ್ಚಿ ತಿಕ್ಕಿ, ಸಾಬಾಣ ನೀರಿಲೆ ತೊಳದು ಒಣಗಿಸು. ಒಣಗಿದ ಮ್ಯಾಲೆ ಮಾರಿಗೆ ಹಚ್ಚೂ ಪೌಡರ್ ಪೈಪಿನ ಎರಡೂ ತುದಿಗೆ, ಕೂಲರಿನ ಮೂತಿಗೆ, ಬೋಲ್ಟಿನ ಸುತ್ತ ಉದುರಿಸು. ಗಾಡಿ ನಿಂತಲ್ಲೇ ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಡು. ಬೆಳ್ಳಗಿನ ಪೌಡರಿನ್ಯಾಗ ಎಲ್ಲಿ ಮದ್ಲ ಗೆರಿ ಹಸಿ ಆಗ್ತೈತಿ, ಅದೇ ಮೂಲ. ಹೋಗು, ಮದ್ಲ ಅದನ್ನ ಮಾಡ್ಕೊಂಡ ಬಾ.

ಅಳಿಯ: ನೀವ ಹೇಳಿದಂಗ ಮಾಡಿದ್ನ್ರಿ ಮಾಮಾ. ಪೈಪಿನ ಮೈ ಪೂರಾ ಒಣ ಐತಿ. ರಬ್ಬರ್ ಹೋಗಿ ಕಬ್ಬಿಣದ ಮೂತ್ಯಾಗ ಸೇರೂ ಕಡೆ ಒತ್ತಿದ ಬಳೆ ಐತಲ್ಲ, ಆ ಬಳೆಯ ಅಂಚಿನ್ಯಾಗ ಹಸಿ ಗೆರಿ ಮೂಡೈತಿ. ಇಂಜಿನ್ ಕಾದ ಮ್ಯಾಲೆ ಅದೂ ನಿಂತಂಗಾತು.

ಮಾಮಾ: ಕಾದ ಮ್ಯಾಲೆ ನಿಂತಿತು ಅಂದಿ ನೋಡು, ಅದ್ರಾಗ ಪೂರ್ತಿ ಕಥಿ ಐತಿ. ರಬ್ಬರ್ ಕಾಯ್ತೈತಿ, ಆರ್ತೈತಿ, ಮತ್ತ ಕಾಯ್ತೈತಿ. ಹತ್ತ ಹನ್ನೆರಡ ವರ್ಷ ಹಂಗ ಆದ ಮ್ಯಾಲೆ ಬಳೆಯ ಕೆಳಗ ಒತ್ತಿಸ್ಕೊಂಡ ರಬ್ಬರ್ ಒತ್ತಿದ ಆಕಾರದಾಗ ಕೂತುಬಿಡ್ತೈತಿ. ಮದ್ಲ ಅದು ಬಳೆಯನ್ನ ಒಳಗಿಂದ ತಿರುಗಿ ಒತ್ತತಿತ್ತು. ಆ ತಿರುಗಿ ಒತ್ತೂ ಶಕ್ತಿಯೇ ಸೀಲ್. ಅದು ಹೋದ ಮ್ಯಾಲೆ, ತಣ್ಣಗಿದ್ದಾಗ ರಬ್ಬರ್ ಕುಗ್ಗಿ ಕೂದಲೆಳಿಯಷ್ಟ ಸಂದ ಬಿಡ್ತೈತಿ. ಕಾದಾಗ ಉಬ್ಬಿ ಸಂದ ಮುಚ್ತೈತಿ. ನಿನ್ನ ಪೈಪ ಒತ್ತಡಕ್ಕ ಸೋತಿಲ್ಲ ತಮ್ಮಾ, ಕಾವಿಗೆ ಸೋತೈತಿ. ಹೊಸಾದ್ದನ್ನ ಆರಿಸಬೇಕಾದ್ರ ಇದೊಂದ ಮಾತ ನೆನಪಿಟ್ಟುಕೊ.

ಅಳಿಯ: ಆದ್ರೂ ಹೈಡ್ರಾಲಿಕ್ ಪೈಪ ಗಟ್ಟಿ ಅಲ್ಲೇನ್ರಿ? ಒಳಗ ಎರಡ ಪದರ ಸ್ಟೀಲ್ ತಂತಿ ಇರ್ತೈತಿ. ಕಬ್ಬಿನ ಲೋಡ್ ತುಂಬಿದ ಟ್ರ್ಯಾಲಿ ಎತ್ತೂ ಪೈಪಿಗೆ ಈ ಸಣ್ಣ ಇಂಜಿನ್ ಯಾವ ಲೆಕ್ಕ?

ಮಾಮಾ: ಒತ್ತಡದ ಲೆಕ್ಕದಾಗ ಏನೂ ಅಲ್ಲ. ಟ್ರ್ಯಾಕ್ಟರ್ ಹೈಡ್ರಾಲಿಕ್ಕಿನ್ಯಾಗ 150ರಿಂದ 200 ಬಾರ್ ಒತ್ತಡ ಇರ್ತೈತಿ. ನಾ ಕಾರ್ಖಾನ್ಯಾಗ ಗಾಣದ ಮ್ಯಾಲಿನ ರೋಲರಿಗೆ ಎಣ್ಣಿ ಒತ್ತಡ ಕೊಡೂ ಲೈನ್ ನೋಡ್ಕೋತಿದ್ದೆ. ಕಬ್ಬು ದಪ್ಪ ಬಂದಾಗ ರೋಲರ್ ಮ್ಯಾಲೆ ಏಳಬೇಕು, ಹಿಂಡೂ ಒತ್ತಡ ಮಾತ್ರ ಕಡಿಮಿ ಆಗಬಾರದು. ಅಲ್ಲಿ ಪೈಪಿನ ಒತ್ತಡವೇ ಜೀವ. ನಿನ್ನ ಗಾಡಿ ಆಯಿಲ್ ಪಂಪ್ ಕೊಡೂದು ಕೆಲವೇ ಬಾರ್. ಚಳಿಗಾಲದ ಮುಂಜಾನಿ ಎಣ್ಣಿ ದಪ್ಪ ಇದ್ದಾಗ ಒಂದೀಟ ಏರ್ತೈತಿ, ಅಷ್ಟ. ಈಗ ಕಾವಿನ ಲೆಕ್ಕಕ್ಕ ಬಾ. ಹೈಡ್ರಾಲಿಕ್ ಪೈಪಿನ ಮೈಮ್ಯಾಗ ಉದ್ದಕ್ಕ ಅಕ್ಷರ ಒತ್ತಿರ್ತಾರ, ಎಸ್‌ಎಇ 100 ಆರ್1, ಇಲ್ಲಾ ಆರ್2 ಅಂತ. ಆರ್1 ಅಂದ್ರ ಒಂದ ಪದರ ತಂತಿ, ಆರ್2 ಅಂದ್ರ ಎರಡು. ಅಂಥ ಪೈಪಿಗೆ ಸಾಮಾನ್ಯವಾಗಿ ಹೇಳೂ ಮಿತಿ 100 ಡಿಗ್ರಿ ಸೆಲ್ಸಿಯಸ್. ಗಾಳಿಗೆ ತಣ್ಣಗಾಗೂ ಬೈಕಿನ ಇಂಜಿನ್ನಿನ್ಯಾಗ ಎಣ್ಣಿ ಬ್ಯಾಸಗ್ಯಾಗ 100 ದಾಟಿ 120, 130ಕ್ಕ ಹೋಗೂದು ದಿನದ ಮಾತು. ಹಿಂಗಾಗಿ ಆ ಪೈಪ ಮದ್ಲನೇ ದಿನದಿಂದಲೇ ತನ್ನ ಮಿತಿಯ ಆಚೆ ದುಡೀಬೇಕಾಗ್ತೈತಿ. ರಬ್ಬರ್ ಹಳೇದಾಗೂ ವೇಗ ಸುಮಾರು ಹತ್ತ ಡಿಗ್ರಿಗೊಮ್ಮೆ ಎರಡಪಟ್ಟು ಆಗ್ತೈತಿ ಅಂತ ನಮಗ ಕಲಿಸಿದ್ರು. ಇಪ್ಪತ್ತ ಡಿಗ್ರಿ ಹೆಚ್ಚಾದ್ರ ನಾಕ ಪಟ್ಟು. ಆಗ ಎರಡ ಪದರ ತಂತಿ ಏನ್ ಮಾಡ್ತೈತಿ? ತಂತಿ ಉಳೀತೈತಿ, ಒಳಗಿನ ರಬ್ಬರ್ ಬಿರಸಾಗಿ ಸೀಳ್ತೈತಿ.

ಅಳಿಯ: ಅಂದ್ರ ಅಥಣಿ ಅಂಗಡಿಯವರ ಕೈಕೆಲಸ ನಮಗ ಉಪಯೋಗಿಲ್ಲ ಅಂತೀರೇನು?

ಮಾಮಾ: ಹಂಗ ಅನ್ನಬ್ಯಾಡ. ಕಬ್ಬಿನ ಹಂಗಾಮಿನ್ಯಾಗ ರಾತ್ರಿ ಎರಡಕ್ಕ ಪೈಪ ಹೊಡದ್ರ, ಮುಂಜಾನೆ ಟ್ರ್ಯಾಕ್ಟರ್ ಹಾದಿಗೆ ಬರೂವಂಗ ಮಾಡಿಕೊಡೂ ಮಂದಿ ಅವರು. ಮೂತಿ ಒತ್ತೂ ಮಶಿನ್, ಡೈ, ಅಳತಿ, ಎಲ್ಲಾ ಅವರ ಕಡೆ ಐತಿ. ಆ ಕಸುಬು ನಿನಗ ಬೇಕೇ ಬೇಕು. ಅವರು ಒತ್ತೂ ಪೈಪು ಮಾತ್ರ ಬ್ಯಾರೆ ಇರಬೇಕು. ದೊಡ್ಡ ಇಂಜಿನ್ನಿನ ಗಾಡಿಗೆ ಕೆಲಸ ಮಾಡೂ ಅಂಗಡಿ ಬೇಕಂದ್ರ ಮಿರಜ, ಸಾಂಗಲಿ, ಕೊಲ್ಲಾಪುರದ ಕಡೆ ಹೋಗು. ಬಿಡಿ ಪೈಪು ಅಲ್ಲಿಂದ ತಂದು ಇಲ್ಲಿ ಒತ್ತಿಸಬೇಕಾದ್ರ ಒಂದ ಕೇಳು: ಈ ಪೈಪಿಗೆ ಹೊಂದೂ ಮೂತಿ, ಬಳೆ ನಿಮ್ಮ ಕಡೆ ಅದಾವೇನು ಅಂತ. ಪ್ರತಿ ಜಾತಿ ಪೈಪಿಗೆ ಅದರದೇ ಬಳೆ. ದಪ್ಪ ರಬ್ಬರಿನ ಪೈಪಿಗೆ ಮಾಡಿದ ಬಳೆಯನ್ನ ತೆಳ್ಳಗಿನ ಟೆಫ್ಲಾನ್ ಪೈಪಿಗೆ ಒತ್ತಿದ್ರ, ನೋಡಾಕ ಛಂದ ಕೂಡ್ತೈತಿ, ಕಾದ ದಿನ ಜಾರ್ತೈತಿ.

ಅಳಿಯ: ಟೆಫ್ಲಾನ್ ಅಂದ್ರ ಅವ್ವನ ದೋಸೆ ತವಾದ ಮ್ಯಾಲಿಂದು?

ಮಾಮಾ: ಅದೇ. ಪಿಟಿಎಫ್‌ಇ ಅಂತಾರ. 1938ರ ಏಪ್ರಿಲ್‌ದಾಗ ಅಮೆರಿಕಾದ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅನ್ನೂ ರಸಾಯನಶಾಸ್ತ್ರಜ್ಞ ಫ್ರಿಜ್ಜಿಗೆ ಹಾಕೂ ಗ್ಯಾಸಿನ ಮ್ಯಾಲೆ ಕೆಲಸ ಮಾಡ್ತಿದ್ದ. ಸಿಲಿಂಡರ್ ತಗದ್ರ ಗ್ಯಾಸ್ ಬರ್ಲಿಲ್ಲ, ತೂಕ ಮಾತ್ರ ಹಂಗೇ ಇತ್ತು. ಅದನ್ನ ಕೊಯ್ದು ನೋಡಿದ್ರ ಒಳಗ ಬೆಳ್ಳನ ಜಾರೂ ಪುಡಿ! ಗ್ಯಾಸ್ ತಾನೇ ತಾನು ಕೂಡಿಕೊಂಡು ಗಟ್ಟಿ ಆಗಿತ್ತು. ಅದಕ್ಕ ಏನೂ ಅಂಟೂದಿಲ್ಲ, ಯಾವ ಎಣ್ಣಿ, ಆಸಿಡ್ಡಿಗೂ ಬಗ್ಗೂದಿಲ್ಲ, 260 ಡಿಗ್ರಿ ತನಕ ತಡೀತೈತಿ. ನಿನ್ನ ಇಂಜಿನ್ ಎಣ್ಣಿ ಎಷ್ಟ ಕಾದ್ರೂ ಅದರ ಅರ್ಧಕ್ಕೂ ಒಂದೀಟ ಮ್ಯಾಲೆ ಹೋಗಿ ನಿಲ್ತೈತಿ. ಖರೆ ಸುಧಾರಣಿ ಅಂದ್ರ ಇದು. ಒಳಗ ಟೆಫ್ಲಾನ್ ನಳಿಗಿ, ಹೊರಗ ಸ್ಟೇನ್‌ಲೆಸ್ ತಂತಿಯ ಹೆಣಿಗಿ. ಎಸ್‌ಎಇ ಲೆಕ್ಕದಾಗ 100 ಆರ್14 ಅಂತ ಬರ್ತೈತಿ.

ಅಳಿಯ: ಆನ್‌ಲೈನಿನ್ಯಾಗ ಸ್ಟೀಲ್ ಹೆಣಿಗಿಯ ರೇಸಿಂಗ್ ಪೈಪ ಅಂತ ಅಗ್ಗದಾಗ ಸಿಗ್ತಾವು. ಕೆಂಪ, ನೀಲಿ ಮೂತಿ ಬ್ಯಾರೆ.

ಮಾಮಾ: ಹೊರಗಿನ ಹೆಣಿಗಿ ನೋಡಿ ತಗೋಬ್ಯಾಡ, ಕೊಯ್ದ ತುದಿ ನೋಡಿ ತಗೊ. ದಪ್ಪನ ಕರೀ ಗ್ವಾಡಿ ಕಂಡ್ರ ಅದು ರಬ್ಬರ್, ಮ್ಯಾಲಿನ ಸ್ಟೀಲ್ ಬರೇ ಅಂಗಿ. ತೆಳ್ಳನ, ಉಗುರಿಗೆ ಬಿರಸ ಅನ್ನಿಸೂ ನಳಿಗಿ, ಹಾಲಿನ ಬಣ್ಣದ್ದು ಇಲ್ಲಾ ಕರೇದು ಇದ್ರ ಟೆಫ್ಲಾನ್. ರಬ್ಬರ್ ಅಂದ ಕೂಡಲೆ ಕೆಟ್ಟದ್ದು ಅಂತಲ್ಲ. ಯಾವ ರಬ್ಬರ್ ಅನ್ನೂದು ಮುಖ್ಯ. ಮರದ ಹಾಲಿಲೆ ಮಾಡಿದ ರಬ್ಬರ್ ಎಣ್ಣಿ ಕಂಡ್ರ ಉಬ್ಬಿ ಮೆತ್ತಗಾಗ್ತೈತಿ. ಚಾರ್ಲ್ಸ್ ಗುಡ್‌ಇಯರ್ 1839ರಾಗ ಗಂಧಕ ಹಾಕಿ ಕಾಯಿಸಿ ಅದನ್ನ ಗಟ್ಟಿ ಮಾಡಿದ, ಆದ್ರ ಎಣ್ಣಿ ಕಾಟ ಹೋಗಿರ್ಲಿಲ್ಲ. 1930ರ ದಶಕದಾಗ ಜರ್ಮನಿಯವರು ನೈಟ್ರೈಲ್ ರಬ್ಬರ್ ಮಾಡಿದ ಮ್ಯಾಲೆ ಎಣ್ಣಿ ಪೈಪಿಗೆ ಒಂದ ದಾರಿ ಆತು. ಇವತ್ತಿಗೂ ಆಯಿಲ್ ಸೀಲ್, ಹೈಡ್ರಾಲಿಕ್ ಪೈಪಿನ ಒಳಪದರ ಹೆಚ್ಚಾಗಿ ಅದೇ ಕುಲದ್ದು. ಅದಕಿಂತ ಮ್ಯಾಲಿನದು ವೈಟಾನ್, 200 ಡಿಗ್ರಿ ತನಕ ಬರ್ತೈತಿ, ರೊಕ್ಕ ಭಾಳ.

ಅಳಿಯ: ನಮ್ಮ ಓಣಿ ಹುಡುಗ ಒಬ್ಬ ಕಾರಿನ ರೇಡಿಯೇಟರ್ ಪೈಪಿನ ತುಂಡ ಹಾಕೂನು ಅಂದ. ಕುದಿಯೂ ನೀರ ತಡೀತೈತಿ, ಎಣ್ಣಿ ತಡಿಯೂದಿಲ್ಲೇನು ಅಂತ.

ಮಾಮಾ: ಆ ಕೆಲಸ ಯಾವತ್ತೂ ಮಾಡಬ್ಯಾಡ! ರೇಡಿಯೇಟರ್ ಪೈಪು ಬಹಳಷ್ಟು ಇಪಿಡಿಎಂ ಅನ್ನೂ ರಬ್ಬರಿಂದು. ಬ್ರೇಕಿನ ರಬ್ಬರ್ ಪೈಪೂ ಅದೇ. ನೀರು, ಕೂಲೆಂಟ್, ಬ್ರೇಕ್ ಆಯಿಲ್, ಇವಕ್ಕ ಅದರಂಥಾದ್ದು ಇನ್ನೊಂದಿಲ್ಲ. ಬ್ರೇಕ್ ಆಯಿಲ್ ಅಂತ ನಾವು ಕರಿತೀವಿ ಖರೆ, ಅದು ಗ್ಲೈಕಾಲ್, ಇಂಜಿನ್ ಎಣ್ಣಿಯ ಜಾತಿ ಅಲ್ಲ. ಇಂಜಿನ್ ಎಣ್ಣಿ ಮುಟ್ಟಿದ್ರ ಇಪಿಡಿಎಂ ಉಬ್ಬಿ ಪೊಳ್ಳಾಗ್ತೈತಿ. ನಂಬಿಕಿ ಬರ್ಲಿಲ್ಲಂದ್ರ ಒಂದ ತುಂಡ ಕೊಯ್ದು, ಹಳೇ ಇಂಜಿನ್ ಎಣ್ಣಿ ಇರೂ ಡಬ್ಬ್ಯಾಗ ವಾರ ಬಿಡು. ಇನ್ನೊಂದ ನೈಟ್ರೈಲ್ ತುಂಡೂ ಹಾಕು. ತಗದು ಎರಡನ್ನೂ ಹಿಚುಕಿ ನೋಡಿದ್ರ ನಿನ್ನ ಗೆಳ್ಯಾಗೂ ತಿಳೀತೈತಿ. ಅಗ್ಗದ ಪೆಟ್ರೋಲ್ ಪೈಪು, ಕಂಪ್ರೆಸರಿನ ಗಾಳಿ ಪೈಪು, ಇವೂ ಬ್ಯಾಡ. ಎಣ್ಣಿ ಹೊರಗ ಬಂದ್ರ ಏನಾಗ್ತೈತಿ ಅಂತ ವಿಚಾರ ಮಾಡು. ಮುಂದ ಬೆಂಕಿಯಂಗ ಕಾದ ಸೈಲೆನ್ಸರ್ ಬೆಂಡು, ಹಿಂದ ಟಯರು. ಟಯರಿಗೆ ಎಣ್ಣಿ ಹತ್ತಿತು ಅಂದ್ರ ತಿರುವಿನ್ಯಾಗ ಗಾಡಿ ಕೈಗೆ ಉಳಿಯೂದಿಲ್ಲ. ಹಂಗಾಮಿನ್ಯಾಗ ಎದುರಿಗೆ ಎರಡ ಟ್ರ್ಯಾಲಿ ಕಟ್ಟಿದ ಟ್ರ್ಯಾಕ್ಟರ್ ಬರ್ತಿರ್ತಾವು. ನನಗ ಅದೇ ಅಂಜಿಕಿ. ಇಂಜಿನ್ ಜಾಮ್ ಆದ್ರ ರೊಕ್ಕ ಹೋಗ್ತೈತಿ, ಮತ್ತ ದುಡೀಬಹುದು.

ಅಳಿಯ: ಮಾಮಾ, ನಿಮ್ಮ ಕಾಲದ ಗಾಡಿಗಳಿಗೆ ಇದ್ಯಾವ ಗೊಡವೀನೂ ಇರ್ಲಿಲ್ಲಲ್ಲ?

ಮಾಮಾ: ನನ್ನ ಯೆಜ್ಡಿಗೆ ಎಲ್ಲಿಂದ ಬರಬೇಕು? ಮೈಸೂರಿನ ಐಡಿಯಲ್ ಜಾವಾದ ಗಾಡಿ ಅದು, 1996ರಾಗ ಕಾರ್ಖಾನಿ ಮುಚ್ಚಿತು. ಟೂ ಸ್ಟ್ರೋಕ್. ಎಣ್ಣಿ ಪೆಟ್ರೋಲಿನ್ಯಾಗ ಬೆರಸಿ ಹಾಕ್ತಿದ್ವಿ, ಅದು ಇಂಜಿನ್ ಒಳಗ ಹೋಗಿ ಸುಟ್ಟು ಹೊಗಿ ಆಗ್ತಿತ್ತು. ಸುತ್ತು ಹಾಕೂ ಎಣ್ಣಿನೇ ಇಲ್ಲಂದ ಮ್ಯಾಲೆ ತಣ್ಣಗ ಮಾಡೂದೇನು? ಫೋರ್ ಸ್ಟ್ರೋಕಿನ್ಯಾಗ ಅದೇ ಎಣ್ಣಿ ತಿರುಗಿ ತಿರುಗಿ ಕೆಲಸ ಮಾಡಬೇಕು. ಬೇರಿಂಗು, ಪಿಸ್ಟನ್ನು, ಬೈಕಿನ್ಯಾಗ ಗೇರು ಕ್ಲಚ್ಚಿಗೂ ಅದೇ. ನಯ ಮಾಡೂದರ ಜೋಡಿ ಕಾವನ್ನೂ ಹೊತ್ತುಕೊಂಡು ಹೋಗ್ತೈತಿ. ಸುಜುಕಿಯವರು 1985ರ ಜಿಎಸ್‌ಎಕ್ಸ್-ಆರ್750ರಾಗ ಎಣ್ಣೀನೇ ಹೆಚ್ಚ ಹರಿಸಿ ಇಂಜಿನ್ ತಣ್ಣಗ ಮಾಡಿ ತೋರಿಸಿದ್ರು. ನಮ್ಮಲ್ಲಿ ಪಲ್ಸರ್ 220 ಬಂದದ್ದು 2007ರಾಗ, ಹಿಮಾಲಯನ್ 2016ರಾಗ, ಇಂಟರ್‌ಸೆಪ್ಟರ್ 650 ಅದರ ಎರಡ ವರ್ಷಕ್ಕ. ಎಲ್ಲಾಕೂ ಆಯಿಲ್ ಕೂಲರ್ ಐತಿ. ನಮ್ಮಂಥ ಊರಾಗೂ ಈಗ ಓಣಿಗೊಂದ ಇಂಥಾ ಗಾಡಿ ಅದಾವು. ಅವುಗಳ ಪೈಪು ಹಳೇವಾಗೂ ಕಾಲ ಈಗ ಬಂದೈತಿ.

ಅಳಿಯ: ಬುರ್ಲಟ್ಟಿ ರೇಣುಕಾ ಶುಗರ್ಸ್ ಹಾದ್ಯಾಗ ಕಬ್ಬಿನ ಗಾಡಿ ಹಿಂದ ಸಿಕ್ಕೊಂಡ್ರ ಕಾಲಿಗೆ ಕಾವ ಬಡಿಯೂದು ನನಗೂ ಗೊತ್ತಾಗೈತ್ರಿ. ಯಲ್ಲಮ್ಮನ ಜಾತ್ರ್ಯಾಗ ಮಂದಿ ನಡುವ ಗಾಡಿ ತಳ್ಕೋತ ಹೋಗೂವಾಗೂ ಹಂಗ.

ಮಾಮಾ: ಕೂಲರಿಗೆ ಗಾಳಿ ಬೇಕು. ಗಾಡಿ ಓಡಿದ್ರ ಗಾಳಿ. ಫಸ್ಟ್ ಗೇರಿನ್ಯಾಗ ಟ್ರ್ಯಾಲಿ ಹಿಂದ ತೆವಳಬೇಕಾದ್ರ ಕೂಲರ್ ಇದ್ದೂ ಇಲ್ಲದಂಗ, ಎಣ್ಣಿ ಕಾಯ್ತಾನೇ ಹೋಗ್ತೈತಿ. ಅಂಥಲ್ಲಿ ಇಂಜಿನ್ ಬಂದ್ ಮಾಡಿ ನಿಲ್ಲೂದು ಛಲೋ. ದೊಡ್ಡ ಕೂಲರ್ ಹಾಕೂನೇನು ಅಂತ ಕೇಳಬ್ಯಾಡ ಮತ್ತ. ಎಣ್ಣಿ ಅತೀ ತಣ್ಣಗ ಉಳಿದ್ರೂ ಕೇಡ. ಇಂಜಿನ್ ಒಳಗ ಹುಟ್ಟೂ ನೀರಿನ ಹಬಿ, ಸುಡದ ಪೆಟ್ರೋಲು ಆವಿ ಆಗಿ ಹೊರಗ ಹೋಗಬೇಕಾದ್ರ ಎಣ್ಣಿ ಕಾಯಬೇಕು. ಕಂಪನಿ ಲೆಕ್ಕ ಹಾಕಿ ಇಟ್ಟ ಕೂಲರ್ ಇರಲಿ, ಪೈಪು ಮಾತ್ರ ಬದಲಿಸು.

ಅಳಿಯ: ಪೈಪು ಎಷ್ಟ ದಪ್ಪಂದು ತರ್ಲಿ? ಅಂಗಡ್ಯಾಗ ಎಎನ್-6, ಎಎನ್-8 ಅಂತ ಕೇಳ್ತಾರ.

ಮಾಮಾ: ಅದು ಅಮೆರಿಕಾದ ಸೈನ್ಯ, ನೌಕಾಪಡೆ ವಿಮಾನಕ್ಕ ಮಾಡ್ಕೊಂಡ ಅಳತಿ. ಒಂದೊಂದ ಅಂಕಿಗೆ ಇಂಚಿನ ಹದಿನಾರನೇ ಒಂದ ಭಾಗ. 6 ಅಂದ್ರ 3/8 ಇಂಚು, 8 ಅಂದ್ರ ಅರ್ಧ ಇಂಚು. ಆದ್ರ ಇಲ್ಲಿ ಭಾಳ ಮಂದಿ ಎಡವ್ತಾರ: ಆ ಅಳತಿ ಆ ಮೂತಿಗೆ ಕೂಡೂ ಲೋಹದ ನಳಿಗಿಯ ಹೊರಮೈದು, ಪೈಪಿನ ತೂತಿಂದಲ್ಲ. ಟೆಫ್ಲಾನ್ ಆರ್14 ಪೈಪಿನ್ಯಾಗ 6ನೇ ನಂಬರಿನ ತೂತು ಸುಮಾರು 8 ಮಿಲಿಮೀಟರ್, 8ನೇ ನಂಬರಿಂದು ಸುಮಾರು 10. ನಿನ್ನ ಹಳೇ ಪೈಪಿನ ತೂತು 10 ಇದ್ದು ನೀ 8ರದ್ದು ತಂದಿ ಅನ್ನು. ಎರಡ ಮಿಲಿಮೀಟರಿಗೆ ಏನ ಆಗ್ತೈತಿ ಅನ್ನಿಸ್ತೈತಿ. ರಕ್ತನಾಳದಾಗ ರಕ್ತ ಹೆಂಗ ಹರೀತೈತಿ ಅಂತ ಹುಡುಕಿದ ಪಾಸ್ಯೂಯ್ ಅನ್ನೂ ಫ್ರೆಂಚ್ ವೈದ್ಯ 1840ರ ಸುಮಾರಿಗೆ ಇದರ ಸೂತ್ರ ಕೊಟ್ಟಾನು. ದಪ್ಪ ದ್ರವ ಶಾಂತವಾಗಿ ಹರಿಯೂವಾಗ ಅಡ್ಡಿ ಬೀಳೂದು ತೂತಿನ ಅಳತಿಯ ನಾಕನೇ ಘಾತದ ಲೆಕ್ಕದಾಗ. 10ನ್ನ 8ಕ್ಕ ಇಳಿಸಿದ್ರ ಅಡ್ಡಿ 2.4 ಪಟ್ಟು! ಅಷ್ಟ ಎಣ್ಣಿ ಕಡಿಮಿ ಸುತ್ತತೈತಿ. ಅದಕ್ಕ ಹಳೇ ಪೈಪು ಬಿಚ್ಚಿ, ಅದರ ಮೂತಿಯ ಒಳಗಿನ ತೂತನ್ನ ವರ್ನಿಯರ್ ಕ್ಯಾಲಿಪರ್‌ಲೆ ಅಳದು ಬರಕೊ. ಹೊಸ ಮೂತಿ ಒತ್ತಿಸಿದ ಮ್ಯಾಲೆ ಅದರ ತೂತನ್ನೂ ಅಳೀಬೇಕು, ಯಾಕಂದ್ರ ಒತ್ತೂವಾಗ ಒಳನಳಿಗಿ ಸಣ್ಣದಾಗಿರ್ತೈತಿ. ಹಳೇದಕಿಂತ ಕಡಿಮಿ ಇರಬಾರದು.

ಅಳಿಯ: ಹಳೇ ಪೈಪನ್ನೇ ಅಂಗಡಿಗೆ ತಗೊಂಡ ಹೋಗ್ಲಾ?

ಮಾಮಾ: ಅದಿಲ್ಲದ ಹೋಗಲೇಬಾರದು. ಉದ್ದ, ಮೂತಿ ಬಾಗಿದ ಕೋನ, ಒಂದ ತುದಿಗೂ ಇನ್ನೊಂದ ತುದಿಗೂ ಇರೂ ತಿರುವು, ಎಲ್ಲಾ ಅದ್ರಾಗ ಐತಿ. ಹೊಸದನ್ನ ಒತ್ತೂವಾಗ ತಿರುವು ತಪ್ಪಿದ್ರ, ನೀ ಪೈಪನ್ನ ಹಿಂಡಿ ಕೂಡಿಸಬೇಕಾಗ್ತೈತಿ. ಹಿಂಡಿ ಕೂಡಿಸಿದ ಪೈಪು ದಿನಾ ಮೂತೀನ ಸಡಿಲ ಮಾಡಾಕ ನೋಡ್ತೈತಿ. ಟೆಫ್ಲಾನ್ ಒಮ್ಮೆ ಮಡಿಕಿ ಬಿತ್ತಂದ್ರ ಆ ಜಾಗ ಕೆಟ್ಟಂಗೇ, ತಿದ್ದಾಕ ಬರೂದಿಲ್ಲ. ಬೋಲ್ಟಿನ ಥ್ರೆಡ್ಡೂ ನೋಡು. 10 ಮಿಲಿಮೀಟರ್ ಬೋಲ್ಟಿನ್ಯಾಗೇ ಒಂದ ಮಿಲಿಮೀಟರ್ ಪಿಚ್, ಒಂದೂಕಾಲ ಮಿಲಿಮೀಟರ್ ಪಿಚ್ ಅಂತ ಎರಡ ಬರ್ತಾವು. ತಪ್ಪಿದ್ದನ್ನ ಹಾಕಿದ್ರ ಎರಡ ಸುತ್ತ ಬೆರಳಿಲೆ ಹೋಗಿ ಆಮ್ಯಾಲೆ ಬಿಗಿ ಆಗ್ತೈತಿ. ಪಾನಾ ಹಚ್ಚಿದ್ರ ಅಲ್ಯುಮಿನಿಯಂ ಥ್ರೆಡ್ ಹಾರಿ ಹೋತು. ಪೂರ್ತಿ ಬೆರಳಿಲೆ ಹೋಗಬೇಕು, ಕಡೀಗೆ ಪಾನಾ. ಮೂತಿಯ ಕೋನದಾಗೂ 37 ಡಿಗ್ರಿಂದು, 45 ಡಿಗ್ರಿಂದು ಬ್ಯಾರೆ ಬ್ಯಾರೆ. ಕಣ್ಣಿಗೆ ಒಂದೇ ಅನ್ನಿಸ್ತಾವು, ಎರಡನ್ನ ಕೂಡಿಸಿದ್ರ ಒಸರೂದು ನಿಲ್ಲೂದಿಲ್ಲ.

ಅಳಿಯ: ಮನ್ಯಾಗೇ ಕೊಯ್ದು ಕ್ಲ್ಯಾಂಪ್ ಹಾಕಿ ಬಿಗದ್ರ ಆಗೂದಿಲ್ಲೇನ್ರಿ?

ಮಾಮಾ: ಟೆಫ್ಲಾನಿಗೆ ಕ್ಲ್ಯಾಂಪ್ ಹಿಡಿಯೂದಿಲ್ಲ. ಕೈಲೆ ಜೋಡಿಸೂ ಮೂತಿ ಸಿಗ್ತಾವು, ಒಳಗ ಹಿತ್ತಾಳಿದೊಂದ ಸಣ್ಣ ಉಂಗರ ಕೂಡಿಸಬೇಕು, ಅಭ್ಯಾಸ ಇದ್ದವರು ಛಲೋ ಮಾಡ್ತಾರ. ನೀ ಮದ್ಲನೇ ಸಲ ಮಾಡೂದು. ಒತ್ತೂ ಕೆಲಸ ಮಶಿನ್ನಿಗೆ ಬಿಡು, ಜೋಡಿಸೂದು ನೀ ಮಾಡು. ಮನ್ಯಾಗ ಜೋಡಿಸೂದರಾಗ ಒಂದ ದೊಡ್ಡ ಲಾಭ ಐತಿ: ನಿನಗ ಅವಸರ ಇಲ್ಲ. ಗ್ಯಾರೇಜಿನ್ಯಾಗ ಸಾಲಾಗಿ ಗಾಡಿ ನಿಂತಿರ್ತಾವು, ಮಿಸ್ತ್ರಿಗೆ ಎಷ್ಟ ಗೊತ್ತಿದ್ರೂ ಪೈಪು ತೊಳಿಯೂ ಪುರಸೊತ್ತ ಇರೂದಿಲ್ಲ. ಪೈಪು ಕೊಯ್ದಾಗ ಬಿದ್ದ ತಂತಿ ಚೂರು, ರಬ್ಬರ್ ಪುಡಿ ಒಳಗ ಉಳದ್ರ ಅವು ಕೂಲರಿನ ಸಣ್ಣ ಸಂದಿನ್ಯಾಗ ಇಲ್ಲಾ ಬೇರಿಂಗಿನ್ಯಾಗ ಹೋಗಿ ಕೂಡ್ತಾವು. ಒತ್ತಿಸಿ ತಂದ ಪೈಪಿನ್ಯಾಗ ಪೆಟ್ರೋಲ್ ಹಾಕಿ ಎರಡೂ ಕಡೆಯಿಂದ ತೊಳಿ, ಕಂಪ್ರೆಸರ್ ಗಾಳಿ ಹೊಡಿ, ಬೆಳಕಿಗೆ ಹಿಡದು ಒಳಗ ನೋಡು. ಬಯಲಿನ್ಯಾಗ ಮಾಡು, ಹತ್ತಿರ ಬೆಂಕಿ ಬ್ಯಾಡ.

ಅಳಿಯ: ಬಿಚ್ಚೂದ್ ಹೆಂಗ? ಅದು ಸುಲಭ ಅನ್ನಿಸ್ತೈತಿ.

ಮಾಮಾ: ಬಿಚ್ಚೂವಾಗೇ ಕೂಲರ್ ಮುರಿಯೂದು. ಇಂಜಿನ್ ಪೂರ್ತಿ ಆರಲಿ. ಕೂಲರಿನ ಮೂತಿ ನೋಡು, ಅಲ್ಯುಮಿನಿಯಂದು, ತೆಳ್ಳನ ಗ್ವಾಡಿಗೆ ಬೆಸುಗಿ ಹಾಕಿರ್ತಾರ. ಹನ್ನೆರಡ ವರ್ಷದ ನಟ್ಟು ಕಚ್ಚಿ ಹಿಡದಿರ್ತೈತಿ. ಒಂದ ಪಾನಾ ಹಾಕಿ ಜಗ್ಗಿದ್ರ ನಟ್ಟು ತಿರುಗೂದಿಲ್ಲ, ಮೂತಿ ಬುಡಸಮೇತ ತಿರುಗಿ ಬೆಸುಗಿ ಬಿರೀತೈತಿ. ಅದಕ್ಕ ಎರಡ ಪಾನಾ ಬೇಕು. ಎಡಗೈಯಾಗಿಂದು ಮೂತಿಯ ಷಟ್ಕೋನ ಹಿಡದು ಅಲ್ಲಾಡದಂಗ ನಿಲ್ಲಿಸ್ತೈತಿ, ಬಲಗೈಯಾಗಿಂದು ನಟ್ಟು ತಿರುಗಿಸ್ತೈತಿ. ಎರಡೂ ಪಾನಾ ಒಂದ ಮುಷ್ಟಿಯೊಳಗ ಬರೂವಷ್ಟ ಹತ್ತಿರ ಹಿಡಿ, ಬೆರಳ ಮಡಚಿ ಒತ್ತು. ಆಗ ಬಲ ಎಲ್ಲಾ ಆ ಎರಡರ ನಡುವೇ ಉಳೀತೈತಿ, ಕೂಲರಿಗೆ ಹೋಗೂದೇ ಇಲ್ಲ. ನಾ ಹೊಸ ಹುಡುಗರಿಗೆ ಮದ್ಲ ಕಲಿಸ್ತಿದ್ದದ್ದು ಇದನ್ನೇ. ಹಾಕೂವಾಗೂ ಹಂಗೇ, ಎರಡ ಪಾನಾ.

ಅಳಿಯ: ಬೋಲ್ಟಿಗೆ ತಾಮ್ರದ ವಾಶರ್ ಅದಾವು. ಅವನ್ನೇ ಹಾಕ್ಲಾ?

ಮಾಮಾ: ಹೊಸಾವ ತರು, ಹತ್ತ ಇಪ್ಪತ್ತ ರೂಪಾಯಿ ಮಾತು. ಒಮ್ಮೆ ಒತ್ತಿದ ತಾಮ್ರ ಬಿರಸಾಗಿರ್ತೈತಿ, ಮತ್ತ ಮೈ ಬಿಟ್ಟು ಕೂಡೂದಿಲ್ಲ. ಹೊಸಾವ ಸಿಗಲಿಲ್ಲಂದ್ರ ಗ್ಯಾಸಿನ ಉರಿಗೆ ಹಿಡದು ಮಸಕ ಕೆಂಪ ಆಗೂ ತನಕ ಕಾಯಿಸಿ ಆರಿಸು, ತಾಮ್ರ ಮತ್ತ ಮೆತ್ತಗಾಗ್ತೈತಿ. ಕರೇ ಪೊರಿ ಬಂದಿದ್ದನ್ನ ನಯನ ಎಮರಿ ಕಾಗದಲೆ ತಿಕ್ಕಿ ಹಾಕು. ಬೋಲ್ಟನ್ನ ಎಷ್ಟ ಬಿಗೀಬೇಕು ಅನ್ನೂದು ನಿನ್ನ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ದಾಗ ಐತಿ, ಟಾರ್ಕ್ ಪಾನಾ ಯಾರ ಕಡೆ ಆದ್ರೂ ಕೇಳಿ ತಾ. ಸೋರಾಕತ್ತಿತು ಅಂತ ಹೆಚ್ಚೆಚ್ಚ ಬಿಗದವರ ಗಾಡ್ಯಾಗೇ ಥ್ರೆಡ್ ಹಾರೂದು.

ಅಳಿಯ: ಪೈಪು ಹಾಯಿಸೂ ಹಾದಿ ಮದ್ಲಿಂದೇ ಇರ್ಲಾ?

ಮಾಮಾ: ಮದ್ಲಿಂದೇ. ಅಲ್ಲಿದ್ದ ಕ್ಲಿಪ್ಪು, ರಬ್ಬರ್ ಹಿಡಿಕಿ ಒಂದೂ ಬಿಡಬ್ಯಾಡ. ಸ್ಟೇನ್‌ಲೆಸ್ ಹೆಣಿಗಿಯ ಪೈಪಿಗೆ ಒಂದ ಕೆಟ್ಟ ಗುಣ ಐತಿ: ಇಂಜಿನ್ ನಡುಗೂವಾಗ ಅದು ಮುಟ್ಟಿದ್ದನ್ನೆಲ್ಲಾ ಅರದಂಗ ತಿಕ್ಕಿ ತಿಂತೈತಿ. ಚಾಸಿಯ ಬಣ್ಣ, ಕೂಲರಿನ ರೆಕ್ಕಿ, ವೈರಿನ ಮ್ಯಾಲಿನ ಪ್ಲಾಸ್ಟಿಕ್, ಯಾವುದನ್ನೂ ಬಿಡೂದಿಲ್ಲ. ಹೆಣಿಗಿಯ ಮ್ಯಾಲೆ ತೆಳ್ಳನ ಪ್ಲಾಸ್ಟಿಕ್ ಹೊದಿಕಿ ಇದ್ದದ್ದ ಸಿಗ್ತಾವು, ಅದನ್ನ ತಗೊ. ಇಲ್ಲಾಂದ್ರ ಮುಟ್ಟೂ ಜಾಗದಾಗ ಕಾವು ತಡಿಯೂ ತೋಳ ಏರಿಸು. ಸೈಲೆನ್ಸರ್ ಬೆಂಡಿನಿಂದ ದೂರ ಇರಲಿ. ಹ್ಯಾಂಡಲ್ ಎಡಕ್ಕ ಬಲಕ್ಕ ಪೂರ್ತಿ ತಿರುಗಿಸು, ಮುಂದಿನ ಶಾಕ್ ಒತ್ತಿ ನೋಡು, ಮಡ್‌ಗಾರ್ಡ್ ಎಲ್ಲೂ ಪೈಪಿಗೆ ತಾಕಬಾರದು. ಪೈಪು ಎಳದ ಕಟ್ಟಿದಂಗೂ ಇರಬಾರದು. ಇಂಜಿನ್ ನಡುಗ್ತೈತಿ, ಕೂಲರ್ ಚಾಸಿಗೆ ಕೂತಿರ್ತೈತಿ. ಆ ಅಲುಗಾಟ ನುಂಗಾಕ ಪೈಪಿಗೆ ಒಂದೀಟ ಸಡಿಲ ಬೇಕು. ದಪ್ಪನ ಹೈಡ್ರಾಲಿಕ್ ಪೈಪು ಬ್ಯಾಡ ಅಂದದ್ದಕ್ಕ ಇದೂ ಒಂದ ಕಾರಣ. ಬಿರಸ ಪೈಪು ಅಲುಗಾಟಾನ ನೇರ ಕೂಲರಿನ ಮೂತಿಗೆ ಒಯ್ದು ಕೊಡ್ತೈತಿ.

ಅಳಿಯ: ಎಲ್ಲಾ ಕೂಡಿಸಿದ ಮ್ಯಾಲೆ ಎಣ್ಣಿ ಹಾಕಿ ಚಾಲೂ ಮಾಡೂದಷ್ಟೇ?

ಮಾಮಾ: ಕೂಲರೂ ಪೈಪೂ ಖಾಲಿ ಇರ್ತಾವು ಅನ್ನೂದು ಮರೀಬ್ಯಾಡ. ಕಡೇ ಮೂತಿ ಬಿಗಿಯೂ ಮದ್ಲ ಪೈಪಿನ್ಯಾಗ, ಕೂಲರಿನ್ಯಾಗ ಹಿಡಿಯೂವಷ್ಟ ಹೊಸ ಎಣ್ಣಿ ನಿಧಾನಕ್ಕ ಸುರವು. ಆಮ್ಯಾಲೆ ಬಿಗದು, ಇಂಜಿನ್ನಿಗೆ ಕಂಪನಿ ಹೇಳಿದ ದರ್ಜೆಯ ಎಣ್ಣಿ ಹಾಕಿ, ಚಾಲೂ ಮಾಡು. ರೇಸ್ ಕೊಡಬ್ಯಾಡ, ಸ್ಲೋದಾಗೇ ಬಿಡು. ಆಯಿಲ್ ದೀಪ ಇದ್ರ ಅದರ ಮ್ಯಾಲೆ ಕಣ್ಣಿರಲಿ. ದೀಪ ಆರಲಿಲ್ಲಂದ್ರ ತಕ್ಷಣ ಬಂದ್ ಮಾಡು. ಸ್ವಲ್ಪ ಹೊತ್ತಿಗೆ ಕೂಲರ್ ಕೈಗೆ ಬೆಚ್ಚಗ ಹತ್ತಿದ್ರ ಎಣ್ಣಿ ಸುತ್ತ ಹೊಡೀತೈತಿ ಅಂತ ತಿಳಿ. ಬಂದ್ ಮಾಡಿ, ಎಣ್ಣಿ ಇಳಿಯಾಕ ಬಿಟ್ಟು, ಗಾಡಿ ನೆಟ್ಟಗ ನಿಲ್ಲಿಸಿ ಮಟ್ಟ ನೋಡು. ಇಳದೇ ಇಳದಿರ್ತೈತಿ, ತುಂಬು. ಭಾಳ ಮಂದಿ ಈ ಎರಡನೇ ಸಲ ನೋಡೂದನ್ನೇ ಬಿಟ್ಟು ಹಾದಿ ಹಿಡೀತಾರ.

ಅಳಿಯ: ಮದ್ಲನೇ ಸಲ ಎಲ್ಲಿಗೆ ಹೋಗ್ಲಿ?

ಮಾಮಾ: ಊರ ಸುತ್ತ. ಅಥಣಿಗೆ ಆಮ್ಯಾಲೆ. ಊರಾಗ ಒಂದ ಸುತ್ತ ಹಾಕಿ ಬಂದು ಮೂತಿ ಮೂತಿಗೂ ಒಣ ಕಾಗದ ಒತ್ತಿ ನೋಡು. ಕಾವಿನ್ಯಾಗ ಒಸರದ್ದು ಆರಿದ ಮ್ಯಾಲೆ ಒಸರಬಹುದು, ಅದಕ್ಕ ಮರುದಿನ ಮುಂಜಾನೆ ಚಾಲೂ ಮಾಡೂ ಮದ್ಲ ಇನ್ನೊಮ್ಮೆ. ವಾರ ಬಿಟ್ಟು ಮತ್ತೊಮ್ಮೆ ಟಾರ್ಕ್ ಪಾನಾ ಹಚ್ಚಿ ನೋಡು.

ಅಳಿಯ: ಟೆಫ್ಲಾನ್ ಪೈಪಿಗೆ ಅಷ್ಟ ರೊಕ್ಕ ಹೊಂದಲಿಲ್ಲಂದ್ರ, ಮಾಮಾ?

ಮಾಮಾ: ಹೊಂದಲಿಲ್ಲಂದ್ರ ಕಂಪನಿಯ ಹೊಸ ಪೈಪನ್ನೇ ಹಾಕು, ಅದ್ರಾಗ ಸಂಕೋಚ ಏನೈತಿ? ಆ ಕಾವಿಗೆ ಲೆಕ್ಕ ಹಾಕಿ ಮಾಡಿದ ರಬ್ಬರ್ ಅದು. ಇದೇ ಪೈಪು ಹನ್ನೆರಡ ವರ್ಷ ನಿನ್ನ ಜೋಡಿ ದುಡದೈತಿ, ಹೊಸಾದ್ದೂ ದುಡೀತೈತಿ. ಟೆಫ್ಲಾನ್ ಹಾಕಿದ್ರ ಇನ್ನೂ ಹೆಚ್ಚ ಬಾಳಿಕಿ. ಇವೆರಡರ ನಡುವ ಇರೂ ಜುಗಾಡ ಮಾತ್ರ ನನಗ ಬ್ಯಾಡ. ಮತ್ತ, ಒಂದೇ ಪೈಪು ಒಸರಾಕತ್ತೈತಿ ಅಂತ ಒಂದನ್ನೇ ಬದಲಿಸಬ್ಯಾಡ. ಎರಡೂ ಒಂದೇ ದಿನ ಹುಟ್ಟಿದ್ದು, ಒಂದೇ ಕಾವು ಉಂಡದ್ದು.

ಅಳಿಯ: ಇಳಿಸಿದ ಹಳೇ ಎಣ್ಣಿ ಹಿತ್ತಲದಾಗ ಚೆಲ್ಲಲಾ? ಗೆದ್ದಲಿ ಬರೂದಿಲ್ಲ ಅಂತಾರ.

ಮಾಮಾ: ಚೆಲ್ಲಬ್ಯಾಡ. ಸುಟ್ಟ ಇಂಜಿನ್ ಎಣ್ಣೀನ ಸರಕಾರ ಅಪಾಯದ ತ್ಯಾಜ್ಯದ ಪಟ್ಟ್ಯಾಗ ಇಟ್ಟೈತಿ. ಹಿತ್ತಲದಾಗ ಚೆಲ್ಲಿದ್ದು ಮಳಿಗೆ ಇಳದು ಬೋರಿಗೆ ಹೋಗ್ತೈತಿ, ನಾವ ಕುಡಿಯೂದು ಅದೇ ಬೋರಿನ ನೀರು. ಕ್ಯಾನಿನ್ಯಾಗ ತುಂಬಿ ಬಿರಡಿ ಹಾಕಿ ಇಡು, ಪೈಪು ಒತ್ತಿಸಾಕ ಹೋಗೂವಾಗ ಹಳೇ ಎಣ್ಣಿ ತಗೊಳ್ಳೂ ಗ್ಯಾರೇಜಿಗೆ ಕೊಟ್ಟರಾತು. ಈಗ ವರ್ನಿಯರ್ ತಗೊಂಡ ಬಾ, ಮ್ಯಾಲಿನ ಪೈಪಿನಿಂದ ಶುರು ಮಾಡೂನು.